ತಾಯಿಗೆ ದೊಡ್ಡಕ್ಷರ, ಮಗೂಗೆ ಚಿಕ್ಕಕ್ಷರ

ಹೋದ ವಾರ ನಮ್ಮ ಸಾರ್ ತೀರ್ಕೊಂಡ್ರು. ಹೆಸರು ಬರೆಯಲ್ಲ. ಹೆಸರು, ಫೋಟೋ ಹಾಕಿದ್ರೆ ನೀವೆಲ್ಲ ಕೈ ಮುಗಿಯೋ ಎಮೋಜಿ ಒತ್ತಿ ಮುಂದಕ್ಕೆ ಹೋಗ್ತೀರಾ, ಪೂರ್ತಿ ಓದಲ್ಲ. ನೀವು ಓದ್ಬೇಕು.

ನನ್ನ ಗೊತ್ತಿಲ್ಲದೋರಿಗೆ: ಕಂಪಲಾಪುರದಲ್ಲಿ ಆನ್‌ಲೈನ್ ಸೆಂಟರ್ ಇಟ್ಕೊಂಡಿದೀನಿ. ಪಹಣಿ, ಆಧಾರು, ಸ್ಕಾಲರ್‌ಶಿಪ್ಪು, ಎಲ್ಲ ನಮ್ಮಲ್ಲೇ. ಅದಕ್ಕೂ ಮುಂಚೆ ಹುಣಸೂರಲ್ಲಿ ಒಂದು ಪುಟ್ಟ ಟ್ರಸ್ಟಿನ ಲ್ಯಾಬಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಆ ಟ್ರಸ್ಟು ಈಗ ಇಲ್ಲ, ಹುಡುಕೋಕೆ ಹೋಗ್ಬೇಡಿ. ಸಾರ್ ಅಲ್ಲಿ ಲ್ಯಾಬ್ ಟೆಕ್ನಿಷಿಯನ್ನು. ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆಯೋರು. ಎತ್ತರದ ಮನುಷ್ಯ, ದೊಡ್ಡ ಗಂಟಲು, ಪೆನ್ನಿನ ಕ್ಯಾಪು ಯಾವಾಗ್ಲೂ ಹಲ್ಲಲ್ಲಿ. ಮಾತಾಡ್ಬೇಕಾದ್ರೂ ತೆಗೀತಿರ್ಲಿಲ್ಲ. ಅರ್ಧ ಮಾತು ನಮಗೆ ಕೇಳ್ತಿತ್ತು, ಇನ್ನರ್ಧ ಕ್ಯಾಪಿಗೆ.

ಭಯ ಅಂದ್ರೆ ಆ ವಯ್ಯನಿಗೆ ಏನು ಅಂತ್ಲೇ ಗೊತ್ತಿಲ್ಲ ಅಂದ್ಕೊಂಡಿದ್ದೆ. ಎಚ್.ಡಿ. ಕೋಟೆ ಕಡೆ ಕಾಡಂಚಿನ ರಸ್ತೇಲಿ ಒಂದಿನ ಜೀಪಿನ ಮುಂದೆ ಆನೆ ನಿಂತ್ಕೊಂಡಿತ್ತು. ಡ್ರೈವರು ಸ್ಟೇರಿಂಗ್ ಮೇಲೆ ತಲೆ ಇಟ್ಟು ದೇವರ ಹೆಸರು ಹೇಳ್ತಿದಾನೆ. ನಾನು ಹಿಂದಿನ ಸೀಟಲ್ಲಿ ಅಳ್ತಾ ಕೂತಿದೀನಿ. ಇವರು ಡಬ್ಬಿ ತೆಗೆದು ಚಿತ್ರಾನ್ನ ತಿನ್ನೋಕೆ ಶುರು ಮಾಡಿದ್ರು!

"ಸಾರ್, ಆನೆ ಸಾರ್!"

"ಕಾಣ್ತದೆ ಕಣಮ್ಮಿ. ಅದರ ರೋಡು ಅದು. ಅದು ಓಗೋಗಂಟ ನಾವು ಉಪವಾಸ ಕೂರ್ಬೇಕಾ? ಉಪ್ಪಿನಕಾಯಿ ಇತ್ತಾ ನಿನ್ನತ್ರ?"

ಈ ಕಥೇನ ಆಮೇಲೆ ಊರೆಲ್ಲ ಹೇಳ್ಕೊಂಡು ಬಂದ್ರು. ಒಂದೊಂದು ಸಲ ಹೇಳ್ದಾಗ್ಲೂ ಆನೆ ಒಂದೊಂದು ಹೆಜ್ಜೆ ಹತ್ರ ಬರ್ತಿತ್ತು. ಕೊನೆಗೆ ಚಿತ್ರಾನ್ನಕ್ಕೆ ಸೊಂಡಿಲು ಹಾಕೋವರೆಗೂ ಬಂತು. ಬಡಾಯಿ ಅಂದ್ರೆ ಬಡಾಯಿ. ಸಾಧು ಮನುಷ್ಯ, ದೇವರಂಥೋರು ಅಂತೆಲ್ಲ ನಾನು ಬರೆಯಲ್ಲ. ಬೈತಿದ್ರು, ಕಿಚಾಯಿಸ್ತಿದ್ರು, ತಮ್ಮ ಸರದಿ ಬಂದಾಗ ಟೀ ಕೊಡಿಸೋದನ್ನ ನೀಟಾಗಿ ಮರೀತಿದ್ರು.

ಆದ್ರೆ ಸೂಜಿ ಹಿಡಿದ್ರೆ ಬೇರೆ ಮನುಷ್ಯ. ನಮ್ಮ ಕೆಲಸ ಹಾಡಿ ಹಾಡಿಗೆ ಹೋಗಿ ರಕ್ತ ತಗೊಂಡು ಬರೋದು. ಕಾಡಂಚಲ್ಲಿರೋ ಆ ಕೇರಿಗಳಲ್ಲಿ ಒಂದು ರಕ್ತದ ಕಾಯಿಲೆ ಇದೆ, ಸಿಕಲ್ ಸೆಲ್ ಅಂತಾರೆ. ರಕ್ತದ ಕಣ ಕುಡುಗೋಲಿನ ಥರ ಬಾಗಿಬಿಟ್ಟು ನರದೊಳಗೆ ಸಿಕ್ಕಾಕ್ಕೊಳ್ಳುತ್ತೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದಿದ್ರೆ ಅದು 'ಅರ್ಧ', ಅಂಥೋರಿಗೆ ತೊಂದ್ರೆ ಇಲ್ಲ ಅಂತ್ಲೇ ಲೆಕ್ಕ. ಇಬ್ಬರಿಂದಲೂ ಬಂದ್ರೆ 'ಪೂರ್ತಿ', ಅದು ಜೀವಕ್ಕೇ ಕುತ್ತು. ಚಳಿ ಆಗಲ್ಲ, ಜ್ವರ ಬಂದ್ರೆ ಕಾಯೋ ಹಂಗಿಲ್ಲ, ದಿನಾ ಮಾತ್ರೆ. ನಾವು ಕಾರ್ಡ್ ಕೊಡ್ತಿದ್ವಿ. ಏನೂ ಇಲ್ಲದೋರಿಗೆ ಬಿಳಿ, ಅರ್ಧಕ್ಕೆ ಹಳದಿ, ಪೂರ್ತಿಗೆ ಕೆಂಪು.

ಮಕ್ಕಳು ಸೂಜಿ ನೋಡಿದ್ರೆ ಕಾಡೊಳಗೆ ಓಡ್ತಿದ್ವು. ಅದಕ್ಕೆ ಸಾರ್ ಒಂದು ಪದ್ಧತಿ ಮಾಡ್ಕೊಂಡಿದ್ರು. ಮೊದ್ಲು ತಾಯಿ ಕೈ ಚಾಚ್ಬೇಕು. ತಾಯಿಗೆ ಚುಚ್ತಾ, ಮಗೂನ ನೋಡ್ತಾ, "ಇರುವೆ ಬಂತೂ... ಇರುವೆ ಓಯ್ತು" ಅನ್ನೋರು. ಅಮ್ಮ ನಗ್ತಿದಾಳಲ್ಲ ಅಂತ ಮಗೂನೂ ಕೈ ಕೊಡ್ತಿತ್ತು. "ಎದರ್ಕೊಂಡ್ರೆ ನರ ಸಿಗಲ್ಲ ಕಣಮ್ಮಿ, ಒಳಕ್ಕೆ ಓಗ್ಬುಡ್ತದೆ" ಅಂತಿದ್ರು ನಂಗೆ. ಒಂದೇ ಸಲಕ್ಕೆ ಸಿಗ್ತಿತ್ತು ಅವರಿಗೆ. ಎರಡನೇ ಸಲ ಚುಚ್ಚಿದ್ದನ್ನ ನಾನು ನೋಡೇ ಇರ್ಲಿಲ್ಲ.

ಟ್ಯೂಬಿನ ಮೇಲೆ ಚೀಟಿ ಅಂಟಿಸ್ಬೇಕಲ್ಲ, ಅದಕ್ಕೂ ಅವರದ್ದೇ ಐಡಿಯಾ. ಹಾಡಿಗೊಂದು ಇಂಗ್ಲಿಷ್ ಅಕ್ಷರ, ಮನೆಗೊಂದು ನಂಬರು. ತಾಯಿಗೆ ದೊಡ್ಡಕ್ಷರ, ಮಗೂಗೆ ಚಿಕ್ಕಕ್ಷರ. ದೊಡ್ಡ ಬಿ ಏಳು ಅಂದ್ರೆ ಆ ಮನೆ ಅಮ್ಮ, ಚಿಕ್ಕ ಬಿ ಏಳು ಅಂದ್ರೆ ಅವಳ ಮಗು. ನೋಡಿದ ತಕ್ಷಣ ಗೊತ್ತಾಗುತ್ತೆ, ಬರೆಯೋಕೆ ಜಾಗಾನೂ ಉಳಿಯುತ್ತೆ. ನಂಗೂ ಚೆನ್ನಾಗೇ ಕಾಣ್ತು. ಯಾರಿಗೆ ಕಾಣಲ್ಲ ಹೇಳಿ?

ಆಮೇಲೆ ಎಕ್ಸೆಲ್ಲು. ಐವತ್ತು ದಾಟಿದ್ಮೇಲೆ ಯೂಟ್ಯೂಬ್ ನೋಡಿ ಕಲ್ತಿದ್ರು. ಮೆಷಿನ್ನಿಂದ ಬಂದ ರಿಸಲ್ಟ್ ಒಂದು ಶೀಟಲ್ಲಿ, ಹೆಸರುಗಳು ಇನ್ನೊಂದು ಶೀಟಲ್ಲಿ. ಆ ನಂಬರನ್ನ ಈ ನಂಬರಿಗೆ ಹೋಲಿಸಿ ರಿಸಲ್ಟ್ ಎಳ್ಕೊಂಡು ಬರೋ ಫಾರ್ಮುಲಾನ ತಾವೇ ಹಾಕಿದ್ರು. ಅವತ್ತು ಲ್ಯಾಬ್ ತುಂಬ ಓಡಾಡಿದ್ದೇ ಓಡಾಡಿದ್ದು. "ನೋಡಮ್ಮಿ, ಒಂದು ಎಳೆತ ಎಳುದ್ರೆ ಎಲ್ಲ ಬಂದು ಬೀಳ್ತವೆ. ನಿನ್ನ ಕೆಲ್ಸಾನೇ ಒಂಟೋಯ್ತು ತಕೋ!"

ಚಳಿಗಾಲಕ್ಕೆ ಟ್ರಸ್ಟಿನೋರು ಮೈಸೂರಲ್ಲಿ ಒಂದು ಹೊಸ ಕಂಪ್ಯೂಟರ್ ಪ್ರೋಗ್ರಾಮ್ ಮಾಡಿಸಿದ್ರು. ಇನ್ಮೇಲೆ ಎಲ್ಲ ಅದರಲ್ಲೇ ಅಂತ. ನಮ್ಮ ಹಳೇ ಶೀಟುಗಳನ್ನ ಅದಕ್ಕೆ ಹಾಕಿದ್ವಿ. ಹಾಕಿದ್ದೇ ತಡ, ಅಲ್ಲೊಂದು ಇಲ್ಲೊಂದು ಸಾಲು ಕೆಂಪಗಾಯ್ತು. 'ಕಾರ್ಡಿನಲ್ಲಿರುವ ಫಲಿತಾಂಶ ಮೆಷಿನ್ ಫಲಿತಾಂಶಕ್ಕೆ ಹೊಂದಿಕೆಯಾಗುತ್ತಿಲ್ಲ.' ಎಲ್ಲ ಮಕ್ಕಳ ಸಾಲೇ.

ಸಾರ್ ಪ್ರೋಗ್ರಾಮ್ ಬರೆದ ಹುಡುಗಿಗೆ ಫೋನ್ ಹಚ್ಚಿ ಸ್ಪೀಕರಲ್ಲಿಟ್ಟು ಬಾಯಿಗೆ ಬಂದಂಗೆ ಬೈದ್ರು. ಆಯಮ್ಮ ಪೂರ್ತಿ ಕೇಳಿಸ್ಕೊಂಡ್ಲು. ಆಮೇಲೆ, "ಸಾರ್, ಬೇಜಾರಿಲ್ಲ ಅಂದ್ರೆ ಒಂದು ಕೆಲಸ ಮಾಡಿ. ನಿಮ್ಮ ಎಕ್ಸೆಲ್ಲಲ್ಲೇ ಒಂದು ಖಾಲಿ ಜಾಗದಲ್ಲಿ ಈಕ್ವಲ್ ಟು ಹಾಕಿ, ದೊಡ್ಡ ಬಿ ಏಳು, ಚಿಕ್ಕ ಬಿ ಏಳು, ಎರಡನ್ನೂ ಕೋಟ್ಸ್ ಒಳಗೆ ಹಾಕಿ ಸಮಾನಾ ಅಂತ ಕೇಳಿ ನೋಡಿ" ಅಂದ್ಲು.

ನಾನೇ ಟೈಪ್ ಮಾಡಿದ್ದು. ಟ್ರೂ ಅಂತ ಬಂತು.

"ಈಗ ಎಗ್ಸಾಕ್ಟ್ ಅನ್ನೋ ಫಾರ್ಮುಲಾ ಹಾಕಿ ಅದನ್ನೇ ಕೇಳಿ."

ಫಾಲ್ಸ್ ಅಂತ ಬಂತು.

"ಅಷ್ಟೇ ಸಾರ್. ಎಕ್ಸೆಲ್ಲು ಸುಮ್ನೆ ಹೋಲಿಸ್ಬೇಕಾದ್ರೆ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಅಂತ ನೋಡಲ್ಲ. ಅದರ ತಪ್ಪಲ್ಲ, ಅದನ್ನ ಮಾಡಿರೋದೇ ಹಂಗೆ. ನಾನು ಪ್ರೋಗ್ರಾಮ್ ಬರೆದಿರೋ ಭಾಷೆ ನೋಡುತ್ತೆ. ನಿಮ್ಮ ಫಾರ್ಮುಲಾ ಚಿಕ್ಕ ಬಿ ಏಳನ್ನ ಹುಡುಕ್ಕೊಂಡು ಮೇಲಿಂದ ಬಂದಿದೆ, ದಾರೀಲಿ ಯಾವ ಬಿ ಏಳು ಮೊದ್ಲು ಸಿಕ್ತೋ ಅದನ್ನೇ ತಗೊಂಡು ಹೋಗಿದೆ. ನಿಮ್ಮ ಶೀಟಲ್ಲಿ ಯಾವುದು ಮೊದ್ಲಿದೆ?"

ಇದು ನಿಮಗೂ ಗೊತ್ತಿರೋದೇ. ಇಮೇಲ್ ಐಡಿ ದೊಡ್ಡಕ್ಷರದಲ್ಲಿ ಹೊಡೆದ್ರೂ ಹೋಗುತ್ತೆ, ಪಾಸ್‌ವರ್ಡು ಹೊಡೆದ್ರೆ ಒಳಗೇ ಬಿಡಲ್ಲ. ಎಲ್ಲಿ ನೋಡುತ್ತೆ ಎಲ್ಲಿ ನೋಡಲ್ಲ ಅಂತ ನಾವು ತಿಳ್ಕೊಂಡಿರ್ಬೇಕು. ನಮ್ಮ ಕನ್ನಡಕ್ಕೆ ಈ ದೊಡ್ಡದು ಚಿಕ್ಕದರ ಕಾಟಾನೇ ಇಲ್ಲವಲ್ಲ, ನಾವು ಯಾವತ್ತೂ ಯೋಚನೇನೇ ಮಾಡಿರ್ಲಿಲ್ಲ.

ಯಾವುದು ಮೊದ್ಲಿದೆ? ತಾಯಿದು. ಪ್ರತಿ ಮನೇದೂ ತಾಯಿದೇ ಮೊದ್ಲು. ಮಗು ಹೆದರ್ಬಾರ್ದು ಅಂತ ತಾಯಿ ಕೈ ಮೊದ್ಲು ಚಾಚ್ತಿದ್ಲಲ್ಲ, ಅವಳ ಟ್ಯೂಬೇ ಮೊದ್ಲು, ಅವಳ ಸಾಲೇ ಮೇಲೆ. ಒಂದೊಂದು ಮಗೂಗೂ ಅದರ ತಾಯಿ ರಿಸಲ್ಟೇ ಹೋಗಿದೆ.

ಸಾರ್ ಬಾಯಿಂದ ಪೆನ್ನಿನ ಕ್ಯಾಪು ಕೆಳಗೆ ಬಿತ್ತು. ಅವರು ಬಗ್ಗಿ ಎತ್ಕೊಳ್ಳಲಿಲ್ಲ.

ತಾಯಿ ಮಗು ಇಬ್ಬರಿಗೂ ಏನೂ ಇಲ್ದೇ ಇರೋ ಮನೇಲಿ ಪರವಾಗಿಲ್ಲ, ಅಂಥವೇ ಜಾಸ್ತಿ. ಅದಕ್ಕೇ ಅಲ್ವಾ ಅಲ್ಲೀತನಕ ಯಾರ ಕಣ್ಣಿಗೂ ಬೀಳದೇ ಇದ್ದದ್ದು. ಕೆಂಪಗಾಗಿದ್ದ ಸಾಲುಗಳನ್ನ ಒಂದೊಂದಾಗಿ ನೋಡ್ತಾ ಬಂದ್ವಿ. ಬಿಳಿ ಕೊಡೋ ಕಡೆ ಹಳದಿ, ಹಳದಿ ಕೊಡೋ ಕಡೆ ಬಿಳಿ. ತಿದ್ದಬಹುದು. ಕೊನೇಲಿ ಚಿಕ್ಕ ಬಿ ಏಳು. ತಾಯಿ ಅರ್ಧ. ಮಗು ಪೂರ್ತಿ. ನಾಲ್ಕು ವರ್ಷದ ಹುಡುಗಿ. ಕೈಗೆ ನಾವು ಕೊಟ್ಟಿರೋದು ಹಳದಿ ಕಾರ್ಡು, ಅದರ ಹಿಂದೆ ನಾನೇ ಪ್ರಿಂಟ್ ಮಾಡಿದ್ದ ಸಾಲು: 'ಭಯಪಡಬೇಕಾಗಿಲ್ಲ.'

ಆ ಹುಡುಗಿ ಅಪ್ಪನ ಫೋನು ಸ್ವಿಚ್ಡ್ ಆಫ್.

ಜೀಪ್ ಹತ್ತಿದ್ವಿ. ಆ ಹಾಡಿ ಎಚ್.ಡಿ. ಕೋಟೆ ಕಡೆಗೆ, ಸರಗೂರು ದಾಟಿ ಒಳಗೆ. ದಾರಿ ಉದ್ದಕ್ಕೂ ಸಾರ್ ಹಲ್ಲಲ್ಲಿ ಕ್ಯಾಪು ಇರ್ಲಿಲ್ಲ. ನಾನು ಅವರನ್ನ ಹಂಗೆ ನೋಡೇ ಇರ್ಲಿಲ್ಲ. ಅಂಗೈನ ಪ್ಯಾಂಟಿಗೆ ಒರೆಸ್ಕೊಳ್ತಾರೆ, ಮತ್ತೆ ಒರೆಸ್ಕೊಳ್ತಾರೆ. ನಂಗೆ ಅವತ್ತು ಶುರುವಾದ ಭಯ ಮಗು ಬಗ್ಗೆನೋ, ಈ ಮನುಷ್ಯನ ಮುಖ ನೋಡಿಯೋ, ಇವತ್ತಿಗೂ ಗೊತ್ತಿಲ್ಲ. ಆನೆ ಮುಂದೆ ಚಿತ್ರಾನ್ನ ತಿಂದೋರು ಹಿಂಗೆ ಬೆವರಿದ್ರೆ ನಾವೆಲ್ಲ ಏನಾಗ್ಬೇಕು?

ಹಾಡೀಲಿ ಮನೆಗೆ ಬೀಗ. ಪಕ್ಕದ ಮನೆ ಅಜ್ಜಿ ಹೇಳ್ತು: "ಮೇಸ್ತ್ರಿ ಬಂದು ಕರ್ಕೊಂಡೋದ ಕನಪ್ಪ, ಕೊಡಗಿಗೆ. ಕಾಪಿ ಕುಯ್ಯಾಕೆ. ಮಗೀನೂ ಕರ್ಕೊಂಡೋದ್ರು."

ಕೊಡಗು. ಕಾಫಿ ಕುಯ್ಲಿನ ಚಳಿ. ಸಾರ್ ಅಲ್ಲೇ ಜಗಲಿ ಮೇಲೆ ಕೂತ್ಬಿಟ್ರು. "ಚಳಿಗೆ ಕರ್ಕೊಂಡೋಗವ್ರೆ ಕಣಮ್ಮಿ. ನಾನು ಏನೂ ಆಗಲ್ಲ ಅಂತ ಬರ್ಕೊಟ್ಟಿವ್ನಿ."

ಮೇಸ್ತ್ರಿ ನಂಬರನ್ನ ಅಜ್ಜಿ ಮನೆ ಗೋಡೆ ಮೇಲೆ ಇದ್ದಿಲಲ್ಲಿ ಬರೆದಿದ್ರು. ಆ ವಯ್ಯ ಫೋನ್ ಎತ್ತಿ, ಬಾಳೆಲೆ ಕಡೆ ಎಸ್ಟೇಟು, ಲೈನ್ ಮನೇಲಿದಾರೆ ಅಂದ. "ಆ ಮಗು ಹೆಂಗಿದೆ?" ಅಂತ ಸಾರ್ ಕೇಳಿದ್ರು. "ಜ್ವರ ಕಣ್ ಸಾರ್. ಡಾಕ್ಟ್ರಿಗೆ ತೋರ್ಸಿದ್ರು. ಹಳ್ದಿ ಕಾರ್ಡು ನೋಡಿ ಏನಿಲ್ಲ, ಶೀತ ಅಂತ ಸಿರಪ್ಪು ಕೊಟ್ಟವ್ರೆ."

ಅವತ್ತು ವಾಪಸ್ ಹುಣಸೂರಿಗೆ ಬಂದು, ಪಂಚವಳ್ಳಿ ಮೇಲೆ ಆನೆಚೌಕೂರು ಫಾರೆಸ್ಟ್ ಗೇಟು ದಾಟಿ, ತಿತಿಮತಿ ಕಾಡು ಕಳೆಯೋವರೆಗೂ ಹೆಂಗೆ ಉಸಿರಾಡಿದ್ನೋ ನಂಗೇ ಗೊತ್ತಿಲ್ಲ. ಗೇಟಲ್ಲಿ ಲಾರಿ ಹಿಂದೆ ನಿಂತಾಗ ಸಾರ್ ಜೀಪಿಂದ ಇಳಿದು ಗೇಟಿನೋರ ಮುಂದೆ ಕೈ ಮುಗಿದ್ರು. ಕೈ ಮುಗಿಯೋ ಜಾತಿ ಅಲ್ಲ ಅದು! ಕಿಟಕಿಯಿಂದ ಕಾಡು ನೋಡೋಕೆ ನಂಗೆ ಧೈರ್ಯ ಬರ್ಲಿಲ್ಲ. ಪ್ರತಿ ತಿರುವಲ್ಲೂ ಫೋನ್ ರಿಂಗಾಗುತ್ತೆ, ಮೇಸ್ತ್ರಿ "ಇನ್ನು ಬರ್ಬೇಡಿ ಸಾರ್" ಅಂತಾನೆ ಅಂತ್ಲೇ ಕಾಯ್ತಿದ್ದೆ.

ಲೈನ್ ಮನೆ ಅಂದ್ರೆ ಗೊತ್ತಲ್ಲ, ಒಂದೇ ಸಾಲಲ್ಲಿ ಪುಟ್ಟ ಪುಟ್ಟ ರೂಮು. ಮಗು ಒಲೆ ಮುಂದೆ ಗೋಣಿ ಮೇಲೆ ಮಲಗಿತ್ತು. ಕಾಲು ಊದಿತ್ತು. ಸಾರ್ ಅದರ ಕಣ್ಣ ರೆಪ್ಪೆ ಕೆಳಗೆ ಎಳೆದು ನೋಡಿದ್ರು. ನಂಗೂ ಕಾಣ್ತು. ಬೆಳ್ಳಗೆ, ಅಂಚಲ್ಲಿ ಅರಿಶಿಣ ಬಣ್ಣ. ಹೊಟ್ಟೆ ಮುಟ್ಟಿದ್ರು, ಎಡಗಡೆ ಗಟ್ಟಿಯಾಗಿ ಊದಿತ್ತು. ಮುಟ್ಟಿದ ಕೈನ ಹಂಗೇ ಇಟ್ಕೊಂಡು ನನ್ನ ಕಡೆ ನೋಡಿದ್ರು. ಆ ನೋಟ ನಂಗೆ ಈಗ್ಲೂ ಕನಸಲ್ಲಿ ಬರುತ್ತೆ.

"ಎತ್ಕೊಳವ್ವ ಮಗೀನ. ಬಿರ್‍ನೆ" ಅಂದ್ರು ತಾಯಿಗೆ.

ಗೋಣಿಕೊಪ್ಪದ ಒಂದು ಆಸ್ಪತ್ರೆ. ರಕ್ತ ಹಾಕ್ಬೇಕು, ಅದಕ್ಕೆ ಮುಂಚೆ ರಕ್ತ ತೆಗೀಬೇಕು. ಮಗು ಮೈ ಒಣಗಿ ಹೋಗಿತ್ತು, ಸಿಸ್ಟರಿಗೆ ನರ ಸಿಗ್ಲಿಲ್ಲ. ಸಾರ್ ತಾವು ಯಾರು ಅಂತ ಹೇಳಿ ಡಾಕ್ಟರನ್ನ ಕೇಳಿ ಸೂಜಿ ಇಸ್ಕೊಂಡ್ರು. ಚುಚ್ಚಿದ್ರು. ಸಿಗ್ಲಿಲ್ಲ. ಅವರು ಎರಡನೇ ಸೂಜಿ ಬಿಚ್ಚೋದನ್ನ ನಾನು ನೋಡಿದ್ದು ಅದೇ ಮೊದ್ಲು. ಮಗು ಕಿರುಚ್ತಾ ಕೈ ಎಳ್ಕೊಳ್ತಿದೆ, ಕಿರುಚೋಕೂ ಶಕ್ತಿ ಇಲ್ಲ.

ಆಗ ಆ ತಾಯಿ, ಪಾಪ, ಅವಳಿಗೇನು ಗೊತ್ತು, ಸೆರಗು ಮೇಲೆ ಮಾಡಿ ತನ್ನ ಕೈ ಚಾಚಿದ್ಲು.

"ನಂಗ್ ಮೊದ್ಲು ಚುಚ್ಚಿ ಸಾರ್. ಅವತ್ತು ಅಂಗೇ ಮಾಡಿದ್ರಲ್ಲ. ಆಮ್ಯಾಕೆ ಇವ್ಳು ಕೊಡ್ತಾಳೆ."

ಸಾರ್ ಮುಖ ಹೆಂಗಾಯ್ತು ಅಂತ ಬರೆಯೋಕೆ ನಂಗೆ ಬರಲ್ಲ ಕಣ್ರೀ. ಗೋಡೆ ಕಡೆ ತಿರುಗಿ ನಿಂತ್ರು. ಆಮೇಲೆ ಬಂದ್ರು. ಮುಚ್ಚಳ ಹಾಕಿದ್ದ ಸೂಜೀನ ತಾಯಿ ಕೈಗೆ ಮುಟ್ಟಿಸಿ "ಇರುವೆ ಬಂತೂ..." ಅಂದ್ರು. "ಇರುವೆ ಓಯ್ತು" ಅಂತ ಆಯಮ್ಮನೇ ಹೇಳಿ ನಕ್ಕಳು. ಮಗು ಸುಮ್ನಾಗಿ ಕೈ ಕೊಡ್ತು. ನರ ಸಿಕ್ತು.

ರಕ್ತ ಏರೋವಾಗ ಹೊರಗೆ ಬೆಂಚ್ ಮೇಲೆ ಅಪ್ಪ ಕೂತಿದ್ದ. ಸಾರ್ ಅವನ ಮುಂದೆ ನಿಂತ್ರು. ನಾನು ಅಂಗಿ ಹಿಡಿದು ಎಳೆದೆ. ಬೇಡ ಸಾರ್, ಈಗ ಬೇಡ ಅಂತ. ಹೊಡೀತಾನೆ ಅಂತ ನಂಗೆ ಭಯ. ಸಾರ್ ಹೇಳೇಬಿಟ್ರು. ಕಾರ್ಡು ತಪ್ಪು. ತಾಯಿದು ಮಗೀಗೆ ಬಂದ್ಬುಡ್ತು. ತಪ್ಪು ನಂದೇ, ಬೇರೆ ಯಾರ್‍ದೂ ಅಲ್ಲ.

ಅವನು ತಲೆ ಎತ್ತಿ ಸಾರ್ ಮುಖ ನೋಡಿದ. ಸಿಟ್ಟಿಲ್ಲ, ಅಳು ಇಲ್ಲ.

"ಅಂಗಾರೆ ಈಗ ಏಳ್ತಾ ಇರೋದು ಸರೀನಾ ಸಾರ್?"

ಸಾರ್ ಬಾಯಿ ತೆಗೆದ್ರು. 'ಸರಿ' ಅನ್ನೋಕೆ ಆಗ್ಲಿಲ್ಲ. ಲ್ಯಾಬ್ ಶೀಟಲ್ಲಿ ಸರಿಯಾಗೇ ಇದೆ ಅಂತ ಅವರಿಗೂ ಗೊತ್ತು, ನಂಗೂ ಗೊತ್ತು. ಆದ್ರೂ ಆಗ್ಲಿಲ್ಲ. "ಇನ್ನೊಂದ್ಸಲ ನೋಡ್ತೀನಿ ಕಣಪ್ಪ" ಅಂದ್ರು. ಹುಣಸೂರಿಗೆ ಬಂದೋರೇ ಮನೆಗೂ ಹೋಗದೆ, ಅವತ್ತು ಮಗೂಗೆ ರಕ್ತ ಹಾಕೋ ಮುಂಚೆ ತೆಗೆದಿದ್ದನ್ನೇ ಮತ್ತೆ ಟೆಸ್ಟ್ ಮಾಡಿದ್ರು. ಅದೇ ಬಂತು.

ಮಗು ಉಳೀತು. ಮೊದ್ಲೇ ಹೇಳ್ಬಿಡ್ಬೇಕಿತ್ತೇನೋ, ಆದ್ರೆ ನಾವು ಪಟ್ಟ ಪಾಡನ್ನ ನೀವೂ ಸ್ವಲ್ಪ ಪಡಿ ಅಂತ ಹೇಳ್ಲಿಲ್ಲ.

ಉಳೀದೇ ಇದ್ದದ್ದು ಸಾರ್ ಧೈರ್ಯ. ತಪ್ಪಾದ ಕಾರ್ಡುಗಳನ್ನೆಲ್ಲ ಹಾಡಿ ಹಾಡಿಗೆ ಹೋಗಿ ತಾವೇ ಬದಲಾಯಿಸಿದ್ರು. ಚೀಟಿ ಮೇಲೆ ಅಕ್ಷರದ ಆಟ ಬಿಟ್ಟು 'ತಾಯಿ', 'ಮಗು' ಅಂತ ಕನ್ನಡದಲ್ಲೇ ಬರೆಸಿದ್ರು. ಯಾರ ಕೈಗೂ ಕಾರ್ಡನ್ನ ಸುಮ್ನೆ ಕೊಡ್ತಿರ್ಲಿಲ್ಲ. ಹೆಸರು ಜೋರಾಗಿ ಓದೋರು, "ನೀನೇನಾ?" ಅನ್ನೋರು, "ನಾನೇ" ಅನ್ನೋವರೆಗೂ ಕಾರ್ಡು ಬಿಡ್ತಿರ್ಲಿಲ್ಲ. ಎದುರಿಗೆ ಇರೋದು ದಿನಾ ನೋಡೋ ಮುಖ ಆದ್ರೂ ಅಷ್ಟೇ. ಜನ ನಗೋರು. ಕಂಪ್ಯೂಟರ್ ಏನಾದ್ರೂ ಟ್ರೂ ಅಂದ್ರೆ, "ಯಾವ ಥರ ಟ್ರೂ ಕೇಳಮ್ಮಿ ಅದನ್ನ, ನೋಡಿ ಹೇಳ್ತಾ ಅದೋ, ನೋಡ್ದೆ ಹೇಳ್ತಾ ಅದೋ" ಅನ್ನೋರು.

ಭಯ ಲ್ಯಾಬಲ್ಲೇ ನಿಲ್ಲಲಿಲ್ಲ. ರಿಟೈರ್ ಆದ್ಮೇಲೆ ಗ್ಯಾಸ್ ಆಫ್ ಮಾಡಿದ್ನಾ ಅಂತ ಬಸ್ಸಿಂದ ಇಳಿದು ವಾಪಸ್ ಹೋಗೋರಂತೆ. ಮಾತ್ರೆ ಶೀಟಿನ ಹೆಸರನ್ನ ಅವರ ಮನೆಯೋರು ಒಂದೊಂದಕ್ಷರ ಬಿಡಿಸಿ ಓದಿ ಹೇಳ್ಬೇಕಿತ್ತಂತೆ, ಆಮೇಲೇ ನುಂಗೋದು. ಆನೆ ಕಥೆ ಹೇಳೋದನ್ನೇ ಬಿಟ್ಬಿಟ್ಟಿದ್ರು. ಒಂದ್ಸಲ ನಾನೇ, "ಸಾರ್, ಆ ಚಿತ್ರಾನ್ನದ ಕಥೆ ಹೇಳಿ" ಅಂದೆ. "ಅವತ್ತು ಅದು ಒಂದೆಜ್ಜೆ ಮುಂದಕ್ಕೆ ಬಂದಿದ್ರೆ ನಿಮ್ಮನ್ನೆಲ್ಲ ನಾನೇ ಸಾಯಿಸ್ದಂಗೆ ಆಗ್ತಿತ್ತು ಕಣಮ್ಮಿ" ಅಂದ್ರು. ನಾನು ಟೀ ತರಿಸ್ದೆ. ಅವತ್ತು ದುಡ್ಡು ಅವರೇ ಕೊಟ್ರು. ಅದೂ ಒಂಥರಾ ಭಯಾನೇ ಆಯ್ತು ನಂಗೆ.

ಆ ಹುಡುಗಿ ಮನೆಗೆ ಮಾತ್ರ ವರ್ಷಾ ವರ್ಷಾ ಹೋಗ್ತಿದ್ರು, ಕೊನೇವರೆಗೂ. ರಕ್ತ ತಗೊಳ್ಳೋದು, ಟೆಸ್ಟ್ ಮಾಡ್ಸೋದು, ಕೆಂಪು ಕಾರ್ಡಿನ ಮುಂದೆ ರಿಪೋರ್ಟ್ ಇಟ್ಟು ಹೋಲಿಸೋದು. ಕಾಯಿಲೆ ಹೆಸರು ಬದಲಾಗೋದಲ್ಲ, ಒಂದ್ಸಲ ಗೊತ್ತಾದ್ರೆ ಆಯ್ತು. ಆದ್ರೂ ಅವಳಪ್ಪ ಪ್ರತಿ ಸಲ ಅದೇ ಪ್ರಶ್ನೆ ಕೇಳ್ತಿದ್ನಂತೆ, ಇವರು ಪ್ರತಿ ಸಲ "ನೋಡಿ ಹೇಳ್ತೀನಿ" ಅಂತಿದ್ರಂತೆ.

ಹೋದ ವಾರ ಹೊಸ ಅಗ್ರಹಾರದ ಹತ್ರ ಅವರ ಮನೆ ಮುಂದೆ ಜನ ಕೂತಿದ್ರು. ಮಣ್ಣು ಮಾಡಿ ಬಂದಾಗಿತ್ತು. ನಾನು ಚಪ್ಪಲಿ ಹಾಕ್ಕೊಳ್ತಿದ್ದೆ. "ಅಕ್ಕ" ಅಂತ ಯಾರೋ ಕೂಗಿದ್ರು. ಅದೇ ಅಪ್ಪ. ಪಕ್ಕದಲ್ಲಿ ಎರಡು ಜಡೆ ಹಾಕ್ಕೊಂಡು ಅವನ ಭುಜದವರೆಗೂ ಬೆಳೆದಿರೋ ಹುಡುಗಿ. ಗುರುತೇ ಸಿಗ್ಲಿಲ್ಲ. ಬೆಳಗ್ಗೆ ಹಾಡಿ ಬಿಟ್ಟು, ಬಸ್ಸಿಂದ ಬಸ್ಸಿಗೆ ಹತ್ತಿ ಬಂದಿದ್ರು. ಮುಖ ನೋಡೋಕೆ ಸಿಗ್ಲಿಲ್ಲ ಅವರಿಗೆ.

ಅವನು ಪ್ಲಾಸ್ಟಿಕ್ ಕವರಿಂದ ಕಾರ್ಡು ತೆಗೆದ. ಕೆಂಪು, ಅಂಚೆಲ್ಲ ಸವೆದಿದೆ. ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ.

"ಮುಂದಿನ ತಿಂಗ್ಳು ಬತ್ತೀನಿ ಅಂದಿದ್ರು ಸಾರು. ಇನ್ ಯಾರ್ ನೋಡ್ತಾರೆ ಅಕ್ಕ? ನೀವೂ ಅವ್ರ ಜೊತೇಲೇ ಇದ್ರಲ್ಲ. ಇದು ಸರೀನಾ?"

ಎಷ್ಟು ಸುಲಭದ ಮಾತು. ಸರಿ ಅಂದ್ರೆ ಮುಗೀತು. ಸರಿಯಾಗೇ ಇದೆ ಅಂತ ನಂಗೆ ಗೊತ್ತು. ಆದ್ರೂ ಅದೇ ಹಳೇ ಭಯ. ಕಾರ್ಡ್ ಇಸ್ಕೊಂಡೆ, ಕನ್ನಡಕ ಹಾಕ್ಕೊಂಡೆ, ಅದರ ಮೇಲಿದ್ದ ಹೆಸರನ್ನ ಅಷ್ಟೂ ಜನರ ಮಧ್ಯೆ ಜೋರಾಗಿ ಓದಿದೆ.

"ನೀನೇನಾ?"

ಹುಡುಗಿ ಸಾವಿನ ಮನೆ ಅಂತ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಕ್ಕಳು.

"ನಾನೇ. ನೀವೂ ಸಾರ್ ಥರಾನೇ ಎದ್ರುಕೋತೀರಲ್ಲ ಅಕ್ಕ?"

"ಹೂಂ ಕಣೆ" ಅಂದೆ. "ಎಲ್ಲಿ, ಇನ್ನೊಂದ್ಸಲ ಹೇಳು."